ನವೆಂಬರಿನಲ್ಲಿ ಮನೆ ನೋಡಿ

ಏಪ್ರಿಲ್ ಕೊನೆಯ ವಾರ ರಾತ್ರಿ ಎರಡು ಗಂಟೆಗೆ ಕರೆಂಟು ಹೋಯಿತೆಂದರೆ ರಾಯಪುರಂನ ನಮ್ಮ ಬೀದಿ ಇಡಿಯಾಗಿ ಎದ್ದು ಹೊರಗೆ ಬರುತ್ತದೆ. ಬನಿಯನ್ನು, ಲುಂಗಿ, ಬೀಸಿಕೊಳ್ಳಲು ಒಂದು ರಟ್ಟಿನ ತುಂಡು. ಸಮುದ್ರ ಕೂಗಳತೆಯಲ್ಲೇ ಇದೆ, ಆದರೆ ಬೇವಿನ ಎಲೆ ಅಲ್ಲಾಡುವಷ್ಟೂ ಗಾಳಿಯಿಲ್ಲ. ಕಾಸಿಮೇಡು ಬಂದರಿನ ಕಡೆಯಿಂದ ಡೀಸೆಲ್ಲು, ಒಣಮೀನು ಎರಡೂ ಕಲೆತ ವಾಸನೆ ಬಂದು ಬೆವರಿನ ಮೈಗೆ ಅಂಟಿಕೊಳ್ಳುತ್ತದೆ. ಅಂಥದೊಂದು ರಾತ್ರಿ ನಮ್ಮ ಭಾವ ಮೆಟ್ಟಿಲ ಮೇಲೆ ಕೂತು, "ಸಾಕು ಮಾರಾಯ. ಬೆಟ್ಟದ ಮೇಲೊಂದು ಮನೆ ತಕೊಂಡುಬಿಡ್ತೇನೆ" ಅಂದರು.

ಭಾವ ಕುಂದಾಪುರ ಬಿಟ್ಟು ಬಂದು ಬಂದರಿನಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತರಾದವರು. ಮಗಳು ಹೊರದೇಶದಲ್ಲಿ. ಪಿಂಚಣಿ ಬರುತ್ತದೆ, ಕೈಯಲ್ಲಿ ಒಂದಿಷ್ಟು ಗಂಟೂ ಇದೆ. ಫೋನಿನ ತುಂಬ ಅಷ್ಟರಲ್ಲಾಗಲೇ ಜಾಹೀರಾತುಗಳು: ಕೋಟಗಿರಿ, ಕುನ್ನೂರು, ಏರ್ಕಾಡು, ಕೊಡೈಕೆನಾಲ್. ಎಲ್ಲ ಚಿತ್ರದಲ್ಲೂ ಬಿಳಿ ಮನೆ, ಹಿಂದೆ ಚಹಾತೋಟ, ಅದರ ಹಿಂದೆ ಮಂಜು. ಅಕ್ಕ ಒಳಗಿನಿಂದಲೇ, "ಆ ಚಿತ್ರದಲ್ಲಿ ಒಗೆದ ಬಟ್ಟೆ ಎಲ್ಲಿ ಒಣಹಾಕಿದ್ದಾರೆ ಕೇಳು" ಅಂದಳು. ಆಗ ನಕ್ಕೆವು. ಆಮೇಲೆ ಎಣಿಸಿ ನೋಡಿದರೆ ಇಡೀ ವ್ಯವಹಾರದಲ್ಲಿ ಯಾರಾದರೂ ಕೇಳಿದ ಮೊದಲ ಸರಿಯಾದ ಪ್ರಶ್ನೆ ಅದೇ.

ಬಿಸಿಲಿಗೆ ಬೆಂದು ಬೆಟ್ಟಕ್ಕೆ ಓಡುವ ಆಸೆ ಮದರಾಸಿಗೆ ಹೊಸದಲ್ಲ, ರಾಯಪುರಂಗಂತೂ ಅದರಲ್ಲಿ ನೇರ ಪಾಲಿದೆ. ದಕ್ಷಿಣ ಭಾರತದ ಮೊದಲ ಪ್ರಯಾಣಿಕರ ರೈಲು ಹೊರಟದ್ದು ನಮ್ಮ ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿರುವ ರಾಯಪುರಂ ನಿಲ್ದಾಣದಿಂದ, 1856ರಲ್ಲಿ, ವಾಲಾಜಾ ರೋಡಿನವರೆಗೆ. ಕಂಬಗಳ ಸಾಲಿನ ಆ ಕಟ್ಟಡ ಇಂದಿಗೂ ನಿಂತಿದೆ. ಅದರ ಮುಂದೆ ಲೋಕಲ್ ರೈಲು ಹಿಡಿಯುವವರಿಗೆ ಅತ್ತ ನೋಡಲು ಪುರುಸೊತ್ತಿಲ್ಲ, ಅಷ್ಟೆ. ಅದೇ ಹಳಿ ಪಶ್ಚಿಮಕ್ಕೆ ಬೆಳೆಯುತ್ತ ಹೋಗಿ 1873ರಲ್ಲಿ ನೀಲಗಿರಿಯ ಬುಡದ ಮೇಟ್ಟುಪಾಳಯಂ ಮುಟ್ಟಿತು. ಅದಕ್ಕೆ ಮೊದಲು ಮದರಾಸಿನ ದೊರೆ ಊಟಿಗೆ ಹೋಗಬೇಕೆಂದರೆ ಪಲ್ಲಕ್ಕಿ, ಎತ್ತಿನ ಗಾಡಿಗಳಲ್ಲಿ ದಿನಗಟ್ಟಲೆ ಪಯಣ. ರೈಲು ಬಂದ ಮೇಲಂತೂ ಬೇಸಿಗೆ ಬಂತೆಂದರೆ ಗವರ್ನರ್ ಸಾಹೇಬರ ಕಡತಗಳು, ಗುಮಾಸ್ತರು, ಅಡುಗೆಯವರು, ನಾಯಿಗಳು ಸಮೇತ ಸರ್ಕಾರವೇ ಬೆಟ್ಟ ಹತ್ತುತ್ತಿತ್ತು. 1899ರಲ್ಲಿ ಹಲ್ಲಿನ ಹಳಿಯ ಪುಟ್ಟ ರೈಲು ಕುನ್ನೂರಿಗೆ, 1908ರಲ್ಲಿ ಊಟಿಗೆ ತಲುಪಿತು. ಕುನ್ನೂರಿನಿಂದ ಊಟಿಗೆ ಆ ಹಳಿ ಹಾಸುವ ಗುತ್ತಿಗೆ ಹಿಡಿದವರು ಹುಬ್ಬತಲೆಯ ರಾವ್ ಬಹಾದ್ದೂರ್ ಬೆಳ್ಳಿ ಗೌಡರು. ಹೆಸರು ಕೇಳಿದರೆ ನಮ್ಮ ಕಡೆಯವರೇ ಅನ್ನಿಸುತ್ತದಲ್ಲ? ಆ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬೆಟ್ಟದ ಮೇಲೆ ಮೊದಲು ಜಾಗ ಕೊಂಡ ಬಿಳಿಯ ಕೊಯಮತ್ತೂರಿನ ಕಲೆಕ್ಟರ್ ಜಾನ್ ಸಲ್ಲಿವನ್. 1819ರಲ್ಲಿ ಹತ್ತಿದ, ಕೋಟಗಿರಿಯ ಹತ್ತಿರ ಕನ್ನೇರಿಮುಕ್ಕಿನಲ್ಲಿ ಬಂಗಲೆ ಕಟ್ಟಿದ. ಆಮೇಲೆ ಊಟಿಯಲ್ಲಿ ತೋಡರಿಂದ ಎಕರೆಗೆ ಒಂದು ರೂಪಾಯಿಯಂತೆ ಜಾಗ ಕೊಂಡು 1822ರಲ್ಲಿ 'ಸ್ಟೋನ್ ಹೌಸ್' ಕಟ್ಟಲು ಶುರುಮಾಡಿದ. ಊರವರು ಅದನ್ನು ಕಲ್ಲು ಬಂಗಲೆ ಅಂದರು. ಎಮ್ಮೆ ಮೇಯಿಸುವ ತೋಡರಿಗೆ ನೆಲ ಮಾರುವುದು ಅಂದರೇನು ಎಂಬುದೇ ಗೊತ್ತಿರಲಿಲ್ಲವೆಂದು ನನ್ನ ಅನುಮಾನ. ಅಲ್ಲಿಂದ ಸಾಲುಗಟ್ಟಿದವರಲ್ಲಿ ನಮ್ಮ ಮೈಸೂರು ಅರಮನೆಯೂ ಇತ್ತು, ಫರ್ನ್‌ಹಿಲ್ ಅವರದ್ದಾಯಿತು. ಭಾವನ ಸರದಿ ಇನ್ನೂರು ವರ್ಷ ತಡವಾಗಿ ಬಂದಿದೆ. ಬೆಲೆ ಸ್ವಲ್ಪ ಏರಿದೆ.

ಮೇ ತಿಂಗಳ ಎರಡನೆಯ ವಾರ, ಚೆನ್ನೈಯಲ್ಲಿ ಅಗ್ನಿ ನಕ್ಷತ್ರದ ದಿನಗಳು. ರಾತ್ರಿ ಸೆಂಟ್ರಲ್‌ನಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಮೇಟ್ಟುಪಾಳಯಂನಲ್ಲಿ ಇಳಿದೆವು, ಅಲ್ಲಿಂದ ಬಸ್ಸಿನಲ್ಲಿ ಕೋಟಗಿರಿ. ಅರ್ಧ ದಾರಿಯಲ್ಲಿ ಭಾವ ಕಿಟಕಿಗೆ ಮುಖವಿಟ್ಟು ಕಣ್ಣು ಮುಚ್ಚಿಕೊಂಡರು. ಬ್ರೋಕರ್ ತೋರಿಸಿದ ಮನೆ ಆರು ಸೆಂಟಿನಲ್ಲಿ ಎರಡು ಕೋಣೆಯದು, ಹೊಸ ಸುಣ್ಣ, ಮುಂದೆ ಕಣಿವೆ. ಅಂಗಳದಲ್ಲಿ ನಿಂತರೆ ಮೈಗೆ ತಣ್ಣನೆ ಗಾಳಿ. ಅರವತ್ತೆಂಟು ಲಕ್ಷ ಅಂದ. ಭಾವನ ಮುಖ ನೋಡಿದವನಿಗೆ ಚೌಕಾಸಿಯ ಅಗತ್ಯವೇ ಕಾಣಲಿಲ್ಲ. ಮುಂಗಡ ಕೊಡಲು ಚೆಕ್‌ಬುಕ್ ತೆಗೆದವರ ಕೈಯನ್ನು ಅಕ್ಕ ಹಿಡಿದಳು. "ಮಳೆಗಾಲದಲ್ಲಿ ಒಂದ್ಸಲ ನೋಡುವ" ಅಂದಳು, ಅಷ್ಟೆ.

ಬೆಟ್ಟದ ಊರಲ್ಲಿ ಮನೆ ಕೊಳ್ಳುವವರಿಗೆ ಒಂದು ವರ್ಷ ಬಾಡಿಗೆಗಿದ್ದು ನೋಡಿ ಎಂದು ಬಲ್ಲವರು ಹೇಳುತ್ತಾರೆ. ನಾನು ಅಷ್ಟು ದೊಡ್ಡ ಮಾತು ಹೇಳುವುದಿಲ್ಲ. ಮೇನಲ್ಲಿ ಮಾತ್ರ ನೋಡಬೇಡಿ. ಮೇ ತಿಂಗಳಲ್ಲಿ ಬೆಟ್ಟದ ಯಾವ ಮನೆಯೂ ಕೆಟ್ಟದಾಗಿರುವುದಿಲ್ಲ. ಯಾವ ಮಳೆ ಆ ಊರಿಗೆ ಜೋರೋ ಆ ಮಳೆಯಲ್ಲಿ ಹತ್ತು ದಿನ ಹೋಗಿ ಇರಿ. ನೀಲಗಿರಿಯಲ್ಲಿ ಇದು ಬೆಟ್ಟದ ಯಾವ ಮಗ್ಗುಲು ಎಂಬುದರ ಮೇಲೆ ನಿಂತಿದೆ. ಗೂಡಲೂರು, ಅವಲಾಂಚಿ ಇವೆಲ್ಲ ಪಶ್ಚಿಮದ ಮಗ್ಗುಲು. ಅಲ್ಲಿಗೆ ನಮ್ಮ ಕರಾವಳಿಯ ಮುಂಗಾರೇ ಬಂದು ಹೊಡೆಯುತ್ತದೆ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 911 ಮಿಲಿಮೀಟರ್ ಸುರಿದಿತ್ತು. ಕುನ್ನೂರು, ಕೋಟಗಿರಿ ಪೂರ್ವದ ಮಗ್ಗುಲು, ಅವಕ್ಕೆ ಅಕ್ಟೋಬರ್-ನವೆಂಬರ್‌ನ ಹಿಂಗಾರು. ಚೆನ್ನೈಯನ್ನು ಮುಳುಗಿಸುವ ಅದೇ ಬಂಗಾಳ ಕೊಲ್ಲಿಯ ಮೋಡ. 2009ರ ನವೆಂಬರಿನಲ್ಲಿ ಕೇತಿಯಲ್ಲಿ ಒಂದೇ ದಿನ 820 ಮಿಲಿಮೀಟರ್ ಬಿತ್ತು. ಬೆಂಗಳೂರಿಗೆ ಇಡೀ ವರ್ಷಕ್ಕೆ ಬೀಳುವುದು ಇದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೆ. ಆ ನಾಲ್ಕಾರು ದಿನಗಳಲ್ಲಿ ಜಿಲ್ಲೆಯಲ್ಲಿ ನೂರಾರು ಕಡೆ ಮಣ್ಣು ಜಾರಿ ನಲವತ್ತಕ್ಕೂ ಹೆಚ್ಚು ಜನ ಸತ್ತರು. ಸತ್ತವರಲ್ಲಿ ಹೆಚ್ಚಿನವರು ತಮ್ಮ ಮನೆಯಲ್ಲೇ ಇದ್ದವರು.

ಹಾಗೆ ನವೆಂಬರಿನಲ್ಲಿ ಹತ್ತು ದಿನಕ್ಕೆ ಕೋಟಗಿರಿಯಲ್ಲೊಂದು ಮನೆ ಬಾಡಿಗೆಗೆ ಹಿಡಿದೆವು. ಮೂರನೆಯ ದಿನದಿಂದ ಮಳೆ. ಭಾವನ ಚರ್ಮದ ಚಪ್ಪಲಿಗೆ ಐದನೆಯ ದಿನ ಬಿಳಿ ಬೂಷ್ಟು ಹತ್ತಿತು. ಉಪ್ಪು ನೀರಾಯಿತು, ಹಪ್ಪಳ ಬಟ್ಟೆಯಾಯಿತು, ಬಟ್ಟೆ ಮಾತ್ರ ಒಣಗಲೇ ಇಲ್ಲ. ಅಕ್ಕ ಭಾವನ ಬನಿಯನ್ನುಗಳನ್ನು ದೋಸೆ ಕಾವಲಿಯ ಮೇಲೆ ಹಿಡಿದು ಒಣಗಿಸಿದಳು. ತೊಗರಿಬೇಳೆ ಬೇಯುವುದಿಲ್ಲ ಎಂದು ಎರಡು ದಿನ ಅಂಗಡಿಯವನನ್ನು ಬೈದಳು. ತಪ್ಪು ಬೇಳೆಯದ್ದಲ್ಲ. ಸಮುದ್ರಮಟ್ಟದಿಂದ ಪ್ರತಿ 300 ಮೀಟರ್ ಏರಿದರೆ ನೀರು ಕುದಿಯುವ ಬಿಸಿ ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುತ್ತದೆ. 1800 ಮೀಟರ್ ಆಸುಪಾಸಿನ ಕೋಟಗಿರಿಯಲ್ಲಿ ನೀರು 94 ಡಿಗ್ರಿಗೇ ಕುದಿಯುತ್ತದೆ. ಕುದಿಯುವುದು ಕಾಣುತ್ತದೆ, ಬೇಯುವುದಿಲ್ಲ. ಕುಕ್ಕರ್ ಇಲ್ಲದೆ ಬೇಳೆಗೆ ಕೈ ಹಾಕಬಾರದು ಎಂಬುದು ಎರಡೂ ಹೊತ್ತು ಅರೆಬೆಂದ ಸಾರು ಉಂಡ ಮೇಲೆ ತಿಳಿದದ್ದು.

ಆರನೆಯ ದಿನ ಮಳೆ ಸ್ವಲ್ಪ ಹೊಳವಾದಾಗ ಮೇ ತಿಂಗಳ ಆ ಮನೆ ನೋಡಲು ಹೋದೆವು. ಬ್ರೋಕರ್‌ಗೆ ಹೇಳಿರಲಿಲ್ಲ. ಮುಂದಿನ ಕಣಿವೆ ಮೋಡದಲ್ಲಿ ಮುಚ್ಚಿಹೋಗಿದ್ದರಿಂದ ಮೊದಲ ಸಲ ನಮ್ಮ ಕಣ್ಣು ಮನೆಯ ಹಿಂದಕ್ಕೆ ಹೋಯಿತು.

ಇಳಿಜಾರಿನಲ್ಲಿ ಮನೆ ಕಟ್ಟಲು ಸಮತಟ್ಟು ಬೇಕು. ಅದನ್ನು ಮಾಡುವ ದಾರಿ ಒಂದೇ: ಮೇಲಿನ ಅರ್ಧವನ್ನು ಕಡಿದು ಆ ಮಣ್ಣನ್ನು ಕೆಳಗಿನ ಅರ್ಧಕ್ಕೆ ತುಂಬುವುದು. ಹಿಂದುಗಡೆ ಕಡಿದ ಎತ್ತರದ ಧರೆ ಉಳಿಯುತ್ತದೆ. ನಮ್ಮ ಕಡೆ ಧರೆ, ಕೊಡಗಿನವರ ಬಾಯಲ್ಲಿ ಬರೆ. ಮನೆಯ ಹಿಂಭಾಗ ಗಟ್ಟಿ ನೆಲದ ಮೇಲೆ, ಮುಂಭಾಗ ತುಂಬಿದ ಸಡಿಲ ಮಣ್ಣಿನ ಮೇಲೆ. ವರ್ಷ ಕಳೆದಂತೆ ಮುಂಭಾಗ ತುಸು ಕೂರುತ್ತದೆ. ನಡುಮನೆಯ ಗೋಡೆಯಲ್ಲಿ ಓರೆಯಾಗಿ ಒಂದು ಬಿರುಕು ಬರುತ್ತದೆ. ಹೊಸ ಸುಣ್ಣ ಬಳಿದ ಮನೆಯಲ್ಲಿ ಅದು ಕಾಣುವುದಿಲ್ಲ, ಆದರೆ ಬಾಗಿಲು ಸುಳ್ಳು ಹೇಳುವುದಿಲ್ಲ. ಮುಚ್ಚಲು ಹೋದಾಗ ಮೇಲಿನ ಮೂಲೆ ಚೌಕಟ್ಟಿಗೆ ತಾಗಿದರೆ, ಅಥವಾ ಬಾಗಿಲಿನ ತಲೆಯನ್ನು ಯಾರೋ ಹೊಸದಾಗಿ ಕೀಸುಳಿ ಹಾಕಿ ಕೆತ್ತಿದ್ದು ಕಂಡರೆ ನೆಲ ಕೂತಿದೆ ಎಂದೇ ಲೆಕ್ಕ. ಮೇನಲ್ಲಿ ಆ ಬಾಗಿಲನ್ನು ನಾವು ಮುಚ್ಚಿ ನೋಡಿರಲೇ ಇಲ್ಲ. ಕಣಿವೆ ನೋಡುವ ಆತುರದಲ್ಲಿ ಎಲ್ಲರೂ ಬಾಗಿಲು ತೆರೆದೇ ಇಟ್ಟಿದ್ದೆವು.

ಹಿಂದಿನ ಧರೆಗೆ ಕಲ್ಲಿನ ತಡೆಗೋಡೆ ಕಟ್ಟಿದ್ದರು. ಅದರಲ್ಲಿ ನೀರು ಹೊರಬರಲು ಸಾಲಾಗಿ ಪೈಪಿನ ತೂತುಗಳು. ತೂತುಗಳಲ್ಲಿ ಒಂದು ಹನಿಯೂ ಇಲ್ಲ. ನೀರೆಲ್ಲ ಕಲ್ಲಿನ ಸಂದುಗಳಿಂದ ಒಸರುತ್ತಿತ್ತು, ಅದೂ ಕೆಂಪಗೆ. ತೂತಿನಿಂದ ತಿಳಿನೀರು ಬಂದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ ಎಂದರ್ಥ. ಸಂದಿನಿಂದ ಕೆಸರು ನೀರು ಬಂದರೆ ಹಿಂದಿನ ಮಣ್ಣೇ ಕರಗಿ ಹೊರಡುತ್ತಿದೆ. ನೀಲಗಿರಿಯ ಗಟ್ಟಿ ಬಂಡೆ ಚಾರ್ನೊಕೈಟ್. ಅದರ ಮೇಲೆ ಎಷ್ಟೋ ಕಾಲದಿಂದ ಬಂಡೆಯೇ ಕೊಳೆತು ಆದ ಜೇಡಿಯಂಥ ಕೆಂಪುಮಣ್ಣು ಆಳುದ್ದ, ಕೆಲವೆಡೆ ಮನೆಯುದ್ದ ಕೂತಿದೆ. ಒಣಗಿದಾಗ ಕಲ್ಲಿನ ಹಾಗೆ ನಿಲ್ಲುತ್ತದೆ. ದಿನಗಟ್ಟಲೆ ನೀರು ಕುಡಿದಾಗ ಭಾರ ಹೆಚ್ಚುತ್ತದೆ, ಕಣಕಣದ ನಡುವಿನ ಹಿಡಿತ ಸಡಿಲುತ್ತದೆ. ಬುಡವನ್ನಂತೂ ನಾವೇ ಕಡಿದಿದ್ದೇವೆ. ಮೇಲಿನ ಮನೆಯವರ ಶೌಚದ ಗುಂಡಿಯ ನೀರೂ ಅದೇ ಮಣ್ಣಿಗೆ ಇಂಗುತ್ತಿರುತ್ತದೆ, ಅದು ಬೇಸಿಗೆಯಲ್ಲೂ ಬಿಡುವಿಲ್ಲದೆ.

ಪಕ್ಕದ ಚಹಾತೋಟದ ಅಜ್ಜಿಯೊಬ್ಬರು ಗೋಣಿಕೊಪ್ಪೆ ಹಾಕಿಕೊಂಡು ನಮ್ಮನ್ನೇ ನೋಡುತ್ತಿದ್ದರು. ಬಡಗರು. ಬಡಗುತಿಟ್ಟಿನ ಬಡಗೇ ಇದು: ಬಡಗು ದಿಕ್ಕಿನಿಂದ, ಮೈಸೂರು ಸೀಮೆಯಿಂದ, ಶತಮಾನಗಳ ಹಿಂದೆ ಬೆಟ್ಟ ಹತ್ತಿದವರು ಎಂದು ಅವರ ನಂಬಿಕೆ. ಅವರ ಊರು ಹಟ್ಟಿ, ದೇವರು ಹೆತ್ತೆ, ಮನೆತನದ ಹೆಸರಿಗೆ ಗೌಡ. ಊಟಿಗೆ ಹಳಿ ಹಾಸಿದ ಬೆಳ್ಳಿ ಗೌಡರೂ ಇವರವರೇ. ಭಾಷೆ ನಮ್ಮದೇ ಹಳೆಯ ದಾಯಾದಿ. ಭಾವ ಕನ್ನಡದಲ್ಲಿ ಕೇಳಿದರು, ಅಜ್ಜಿ ಬಡಗದಲ್ಲಿ ಉತ್ತರಿಸಿದರು, ತಮಿಳಿನ ಸೇತುವೆ ಬೇಕಾಗಲಿಲ್ಲ. ಅಜ್ಜಿ ಕೈ ಮಾಡಿ ಮನೆಯ ಮಗ್ಗುಲಿನ ಸಿಲ್ವರ್ ಓಕ್ ಮರ ತೋರಿಸಿದರು. ಬುಡ ಕಣಿವೆಯ ಕಡೆ ಬಾಗಿ, ಅಲ್ಲಿಂದ ಮತ್ತೆ ನೆಟ್ಟಗೆ ಬೆಳೆದ ಮರ, ಕುಡುಗೋಲಿನ ಹಿಡಿಯಂತೆ. ಆ ದೊಡ್ಡ ಮಳೆಯ ವರ್ಷ ಅದು ಮೇಲಿನ ದಾರಿಯ ಪಕ್ಕದಲ್ಲಿತ್ತಂತೆ. ನಿಂತ ನಿಲುವಿನಲ್ಲೇ ಇಲ್ಲಿಗೆ ಇಳಿದು ಬಂತಂತೆ. ಇಷ್ಟು ಹೇಳಿ ಅವರು ಎಲೆ ಕೀಳಲು ಹೋದರು. ಭಾವ ಬಹಳ ಹೊತ್ತು ಆ ಮರದ ಬುಡ ನೋಡುತ್ತ ನಿಂತರು.

ಕಾಗದಪತ್ರದ ಮಾತಿಗೆ ಬಂದರೆ, ಬೆಟ್ಟದಲ್ಲಿ ನೆಲದಷ್ಟೇ ಕಾಗದವೂ ಜಾರುತ್ತದೆ. ಚೆನ್ನೈಯವರಿಗೆ ಗ್ರೌಂಡ್ ಲೆಕ್ಕ: 2400 ಚದರಡಿ, ಅಂದರೆ ಐದೂವರೆ ಸೆಂಟ್. ಆರು ಸೆಂಟ್ ಅಂದಕೂಡಲೇ ಭಾವ ಒಂದು ಗ್ರೌಂಡಿಗಿಂತ ಹೆಚ್ಚು ಜಾಗ, ಹಿತ್ತಿಲಲ್ಲಿ ಬಸಳೆ ಚಪ್ಪರ ಎಂದೆಲ್ಲ ಕಲ್ಪಿಸಿಕೊಂಡಿದ್ದರು. ಆ ಆರು ಸೆಂಟಿನಲ್ಲಿ ಎರಡು ಧರೆಯ ಗೋಡೆಯೊಳಗೇ ಹೋಗಿದೆ, ಒಂದು ಕಣಿವೆಗೆ ಇಳಿದಿದೆ. ಕಾಲೂರಿ ನಿಲ್ಲಲು ಉಳಿದದ್ದು ಮೂರು.

ಪಟ್ಟಾ, ಚಿಟ್ಟಾ, ಇಪ್ಪತ್ತು-ಮೂವತ್ತು ವರ್ಷದ ವಿಲ್ಲಂಗ ಪತ್ರ ಅಂದರೆ ನಮ್ಮ ಋಣಭಾರ ಪತ್ರ, ಮೂಲಪತ್ರಗಳ ಸರಣಿ. ಇಷ್ಟು ರಾಯಪುರಂನಲ್ಲಿ ಮನೆ ಕೊಂಡರೂ ಬೇಕು. ಬೆಟ್ಟದಲ್ಲಿ ಇದರ ಮೇಲೆ ಇನ್ನೊಂದು ಪದರ ಇದೆ. ಮೊದಲು, ಅದು ಅನುಮೋದನೆಯಾದ ನಿವೇಶನವೇ ಎಂದು ನೋಡಬೇಕು. ಅನುಮೋದನೆಯಿಲ್ಲದ ನಿವೇಶನಗಳ ನೋಂದಣಿಗೆ ಮದ್ರಾಸ್ ಹೈಕೋರ್ಟು 2016ರಲ್ಲಿ ತಡೆ ಹಾಕಿತು. ಆಮೇಲೆ ಸರ್ಕಾರ ಸಕ್ರಮದ ದಾರಿ ತೆರೆದಾಗ 2016ರ ಅಕ್ಟೋಬರ್ 20 ಗಡಿರೇಖೆಯಾಯಿತು. ಚಹಾತೋಟದ ಅಂಚನ್ನು ಎರಡೆರಡು ಸೆಂಟಾಗಿ ಕತ್ತರಿಸಿ ಮಾರಿದ ತುಂಡುಗಳು ಬೇಕಾದಷ್ಟಿವೆ. ಕೈಬರಹದ ಒಪ್ಪಂದದ ಮೇಲೆ ದುಡ್ಡು ಕೊಟ್ಟವನಿಗೆ ಕಣಿವೆಯ ನೋಟ ಮಾತ್ರ ಸ್ವಂತ. ಎರಡನೆಯದು ಬೆಟ್ಟ ಪ್ರದೇಶ ಸಂರಕ್ಷಣಾ ಪ್ರಾಧಿಕಾರ, ಅಲ್ಲಿಯವರ ಬಾಯಲ್ಲಿ 'ಹಾಕಾ'. ಇದರ ಪಟ್ಟಿಯಲ್ಲಿರುವ ಹಳ್ಳಿಯಾದರೆ ಬಡಾವಣೆಗೂ ಕಟ್ಟಡಕ್ಕೂ ಇದರ ಒಪ್ಪಿಗೆಯ ದಾರಿ ತುಳಿಯಬೇಕು. 1993ರಿಂದ ಗಿರಿಧಾಮಗಳಿಗೆ ಪ್ರತ್ಯೇಕ ಕಟ್ಟಡ ನಿಯಮಗಳಿವೆ; ಕಟ್ಟಡದ ಎತ್ತರ 7 ಮೀಟರ್ ಮೀರಬಾರದು. ಮೂರನೆಯ ಮಹಡಿ ಇರುವ 'ವ್ಯೂ' ಮನೆ ತೋರಿಸಿದರೆ ಹತ್ತುವ ಮೊದಲೇ ಇಳಿದು ಬನ್ನಿ. ಬೋರ್‌ವೆಲ್ ಕೊರೆಯಲು, ಜೆಸಿಬಿಯಲ್ಲಿ ಮಣ್ಣು ಅಗೆಯಲು ಜಿಲ್ಲಾಡಳಿತದ ಅನುಮತಿ ಬೇಕು. ರಾತ್ರೋರಾತ್ರಿ ಅಗೆದ ಧರೆಗೆ ಅನುಮತಿಯ ಕಾಗದವೂ ಇರುವುದಿಲ್ಲ, ನೀರು ಹರಿಸುವ ಚರಂಡಿಯೂ ಇರುವುದಿಲ್ಲ.

ಗುಂಡ್ಲುಪೇಟೆಯ ಕಡೆಯಿಂದ ಹೋಗಿ ಗೂಡಲೂರಿನಲ್ಲಿ ಅಗ್ಗಕ್ಕೆ ಜಾಗ ಸಿಗುತ್ತದೆಂದು ಆಸೆಪಡುವ ನಮ್ಮವರಿಗೆ ಒಂದು ಮಾತು. ಅಲ್ಲಿ 'ಸೆಕ್ಷನ್ 17 ಜಾಗ' ಎಂಬ ಪದ ಕಿವಿಗೆ ಬಿದ್ದರೆ ಚಹಾ ಕುಡಿದು ವಾಪಸ್ಸು ಬನ್ನಿ. 1969ರ ಗೂಡಲೂರು ಜನ್ಮಂ ಎಸ್ಟೇಟ್ ರದ್ದತಿ ಕಾಯಿದೆಯ ಆ ಸೆಕ್ಷನ್ನಿನ ಭೂಮಿಯ ತಕರಾರು ಅರ್ಧ ಶತಮಾನ ಕಳೆದರೂ ಬಗೆಹರಿದಿಲ್ಲ. ಜನ ಅಲ್ಲಿ ಮನೆ ಕಟ್ಟಿ ಮಕ್ಕಳು ಮೊಮ್ಮಕ್ಕಳನ್ನು ಕಂಡಿದ್ದಾರೆ, ಪಟ್ಟಾ ಕಂಡಿಲ್ಲ. ಖಾಸಗಿ ಅರಣ್ಯವೆಂದು ಘೋಷಿಸಿದ ಭೂಮಿಯಾದರೆ 1949ರ ಕಾಯಿದೆಯ ಪ್ರಕಾರ ಅನುಮತಿಯಿಲ್ಲದೆ ಮಾರುವಂತೆಯೇ ಇಲ್ಲ, ಮಾರುವವನ ಹೆಸರಲ್ಲೇ ಅದು ಇದ್ದರೂ. ಇನ್ನು ಮಸಿನಗುಡಿಯ ಕಡೆ ಆನೆಯ ದಾರಿ. ಸೀಗೂರು ಆನೆ ಕಾರಿಡಾರನ್ನು 2020ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ಅದಕ್ಕೂ ಎರಡು ವರ್ಷ ಮೊದಲೇ ಅಲ್ಲಿನ ಹಲವು ರೆಸಾರ್ಟುಗಳಿಗೆ ಬೀಗ ಬಿದ್ದಿತ್ತು. ಬೀಗ ಹಾಕಿಸಿಕೊಂಡವರಲ್ಲಿ ಕೆಲವರ ಬಳಿ ಕಾಗದ ಇರಲಿಲ್ಲವೆಂದಲ್ಲ. ಆನೆ ಕಾಗದ ಓದುವುದಿಲ್ಲ ಎಂಬುದನ್ನು ಕೋರ್ಟು ಒಪ್ಪಿಕೊಂಡಿತು.

ನೀರಿನ ವಿಷಯವಾಗಿ ಒಂದೇ ಉಪಾಯ ಹೇಳುತ್ತೇನೆ. ಅಕ್ಕಪಕ್ಕದ ಮನೆಗಳ ಹಿತ್ತಿಲಲ್ಲಿ ನೀಲಿ ಡ್ರಮ್ಮುಗಳನ್ನು ಎಣಿಸಿ. ಒಂದೊಂದು ಮನೆಗೆ ನಾಲ್ಕೈದು ಡ್ರಮ್ಮಿದ್ದರೆ ನಲ್ಲಿ ವಾರಕ್ಕೊಮ್ಮೆಯೋ ಹತ್ತು ದಿನಕ್ಕೊಮ್ಮೆಯೋ ಬರುತ್ತದೆ ಎಂದು ತಿಳಿಯಿರಿ. ಇಷ್ಟೊಂದು ಮಳೆ ಬೀಳುವ ಊರಲ್ಲಿ ನೀರಿಲ್ಲವೇ ಎಂದು ಭಾವ ಕೇಳಿದರು. ಬೀಳುವ ನೀರು ಬೆಟ್ಟದಲ್ಲಿ ನಿಲ್ಲುವುದಿಲ್ಲ, ಓಡುತ್ತದೆ. ಹಿಡಿದಿಟ್ಟು ಬಿಡುತ್ತಿದ್ದ ಶೋಲಾ ಕಾಡು, ಹುಲ್ಲುಗಾವಲು, ಜೌಗು ಎಲ್ಲ ಚಹಾ, ನೀಲಗಿರಿ ಮರ, ಕ್ಯಾರೆಟ್ ಹೊಲ, ಈಗ ನಮ್ಮಂಥವರ ಮನೆ. ಟೂರಿಸ್ಟರು ಬಂದು ತುಂಬುವ ಮೇ ತಿಂಗಳಲ್ಲೇ ಒರತೆಗಳು ಬತ್ತುವುದು.

ಆ ಚಹಾತೋಟದ ಅಂಚು ಮಾರಾಟಕ್ಕೆ ಬಂದದ್ದಾದರೂ ಯಾಕೆ? ಸೋವಿಯತ್ ಒಕ್ಕೂಟ ಒಡೆದ ಮೇಲೆ ನೀಲಗಿರಿ ಚಹಾದ ದೊಡ್ಡ ಗಿರಾಕಿ ಕೈಬಿಟ್ಟಿತು. ತೊಂಬತ್ತರ ದಶಕದ ಕೊನೆಯಲ್ಲಿ ಕುಸಿದ ಹಸಿರೆಲೆಯ ಬೆಲೆ ಸಣ್ಣ ಬೆಳೆಗಾರರಿಗೆ, ಅಂದರೆ ಬಹುಪಾಲು ಬಡಗರಿಗೆ, ಮತ್ತೆ ಹಿಂದಿನಂತೆ ಕೈಹಿಡಿಯಲಿಲ್ಲ. ಮಕ್ಕಳು ಕೊಯಮತ್ತೂರು, ಬೆಂಗಳೂರಿಗೆ ಇಳಿದರು. ಕಿಲೋ ಎಲೆಗೆ ಸಿಗುವ ದುಡ್ಡಿಗೂ ಸೆಂಟ್ ನೆಲಕ್ಕೆ ಸಿಗುವ ದುಡ್ಡಿಗೂ ಅಜಗಜಾಂತರ ಇರುವಾಗ ಮಾರುವವರನ್ನು ಬೈದು ಫಲವಿಲ್ಲ. ಕೆಲವು ಕಡೆ ಕೊಳ್ಳುವವರನ್ನೇ ತಡೆದಿದ್ದಾರೆ. ಹಿಮಾಚಲದಲ್ಲಿ 1972ರ ಭೂಸುಧಾರಣೆ ಕಾಯಿದೆಯ 118ನೆಯ ಸೆಕ್ಷನ್ ಕೃಷಿಕನಲ್ಲದವನು ಸರ್ಕಾರದ ಅನುಮತಿಯಿಲ್ಲದೆ ನೆಲ ಕೊಳ್ಳದಂತೆ ತಡೆಯುತ್ತದೆ. ನಮ್ಮ ಕರ್ನಾಟಕದಲ್ಲಿದ್ದ ಅಂಥವೇ 79ಎ, 79ಬಿ ತಡೆಗಳು 2020ರಲ್ಲಿ ಹೋದವು. ಸ್ವಿಟ್ಜರ್‌ಲೆಂಡಿನವರು ಇನ್ನೊಂದು ದಾರಿ ಹಿಡಿದರು. 2012ರ ಮಾರ್ಚಿನಲ್ಲಿ ಜನಮತ ಹಾಕಿ, ಯಾವ ಊರಲ್ಲೂ ರಜೆಯ ಮನೆಗಳು ನೂರಕ್ಕೆ ಇಪ್ಪತ್ತನ್ನು ಮೀರಬಾರದು ಎಂದು ಕೂದಲೆಳೆಯ ಬಹುಮತದಲ್ಲಿ ನಿರ್ಧರಿಸಿದರು. ಮುಚ್ಚಿದ ಕಿಟಕಿಗಳ ಊರಿನಲ್ಲಿ ಬೇಕರಿಯೂ ನಡೆಯುವುದಿಲ್ಲ, ಶಾಲೆಯೂ ನಡೆಯುವುದಿಲ್ಲ ಎಂಬುದು ಅವರ ಅನುಭವ. ಕೋಟಗಿರಿಯಲ್ಲಿ ನಾವಿದ್ದ ಓಣಿಯಲ್ಲಿ ನವೆಂಬರ್ ರಾತ್ರಿ ಹನ್ನೊಂದು ಮನೆಗಳಲ್ಲಿ ದೀಪ ಕಂಡದ್ದು ಮೂರರಲ್ಲಿ. ಉಳಿದವರ ಕಾವಲಿಗೆ ಕರಡಿ ಬಂದು ಹೋಗುತ್ತಿತ್ತು. ಇದು ತಮಾಷೆಯಲ್ಲ, ಆ ಕಡೆ ಕರಡಿಗಳು ದೇವಸ್ಥಾನದ ದೀಪದೆಣ್ಣೆಗೆ, ಬೇಕರಿಯ ಬೆಣ್ಣೆಬಿಸ್ಕತ್ತಿಗೆ ಬಾಗಿಲು ಮುರಿದು ನುಗ್ಗುವುದು ಪತ್ರಿಕೆಗೆ ಹೊಸ ಸುದ್ದಿಯಲ್ಲ. ಬೆಳಗಾಗೆದ್ದರೆ ಅಂಗಳದಲ್ಲಿ ಕಾಟಿ. ಅದು ಏಳುವವರೆಗೆ ಹಾಲು ತರಲು ಹೋಗುವಂತಿಲ್ಲ.

ಆಸ್ಪತ್ರೆ? ಊಟಿಯಲ್ಲಿ ಸರ್ಕಾರಿ ಮೆಡಿಕಲ್ ಕಾಲೇಜು ಬಂದಿದೆ, ಹಿಂದಿಗಿಂತ ಎಷ್ಟೋ ವಾಸಿ. ಹೃದಯದ್ದೋ ತಲೆಯದ್ದೋ ದೊಡ್ಡ ತೊಂದರೆಯಾದರೆ ಈಗಲೂ ಕೊಯಮತ್ತೂರಿಗೇ ಇಳಿಯುವುದು, ಅದೂ ಘಾಟಿಯಲ್ಲಿ ಮಣ್ಣು ಬಿದ್ದಿಲ್ಲದಿದ್ದರೆ. ರಾಯಪುರಂನಲ್ಲಿ ಸ್ಟ್ಯಾನ್ಲಿ ಆಸ್ಪತ್ರೆಗೆ ಆಟೋದಲ್ಲಿ ಹತ್ತು ನಿಮಿಷ. ಎಪ್ಪತ್ತರ ಹತ್ತಿರದವರಿಗೆ ಈ ಒಂದು ಸಾಲು ಸಾಕು. ಹೋಗಿಬರುವ ಮಾತಿಗೆ ಬಂದರೆ, 2024ರ ಮೇ ತಿಂಗಳಿಂದ ಮದ್ರಾಸ್ ಹೈಕೋರ್ಟಿನ ಆದೇಶದಂತೆ ಹೊರಗಿನ ಗಾಡಿಗೆ ನೀಲಗಿರಿ ಹತ್ತಲು ಇ-ಪಾಸ್ ಬೇಕು. 2025ರ ಏಪ್ರಿಲಿನಲ್ಲಿ ದಿನಕ್ಕೆ 6,000, ವಾರಾಂತ್ಯದಲ್ಲಾದರೆ ದಿನಕ್ಕೆ 8,000 ಗಾಡಿಗಳ ಮಿತಿಯೂ ಬಂತು. ನೋಂದಣಿಗೆ ಮುದ್ರಾಂಕ, ಶುಲ್ಕ ಎಲ್ಲ ಸೇರಿ ನೂರಕ್ಕೆ ಒಂಬತ್ತು. ಭಾವ ಅರವತ್ತೆಂಟು ಲಕ್ಷಕ್ಕೆ ಇದನ್ನು ಕೂಡಿಸಿ, ಬ್ಯಾಂಕಿನ ಬಡ್ಡಿಯ ಲೆಕ್ಕ ಹಾಕಿ, ಆ ದುಡ್ಡಿನ ಬಡ್ಡಿಯಲ್ಲೇ ವರ್ಷಕ್ಕೆ ಎರಡು ತಿಂಗಳು ಬೆಟ್ಟದಲ್ಲಿ ಬಾಡಿಗೆಗೆ ಇರಬಹುದು, ಧರೆಯ ಚಿಂತೆ ಮನೆಯವರಿಗೇ ಇರಲಿ ಎಂದು ಒಂದು ಹಾಳೆಯ ಮೇಲೆ ಬರೆದರು. ಬರೆದವರು ಅದನ್ನು ನನಗೆ ತೋರಿಸಲಿಲ್ಲ, ಅಕ್ಕನಿಗೆ ತೋರಿಸಿದರು.

ಯಾವ ಎರಡು ತಿಂಗಳು ಎಂಬುದನ್ನು ನಿರ್ಧರಿಸಿದವಳು ಅಕ್ಕ. ಬೆಟ್ಟದಲ್ಲಿ ಅವಳಿಗಿದ್ದ ದೊಡ್ಡ ದೂರು ಬೂಷ್ಟಲ್ಲ, ಕರಡಿಯಲ್ಲ, ಮೀನು. ಕಾಸಿಮೇಡಿನಲ್ಲಿ ದೋಣಿಯಿಂದ ಇಳಿದ ವಂಜಿರವನ್ನು, ನಮ್ಮ ಅಂಜಲನ್ನು, ಕಿವಿರು ಎತ್ತಿ ನೋಡಿ ಕೊಂಡು ಅಭ್ಯಾಸವಾದವಳಿಗೆ ಬೆಟ್ಟದ ಸಂತೆಯ ಮಂಜುಗಡ್ಡೆಯ ಮೀನು ಸೇರುವುದಿಲ್ಲ. ಪೂರ್ವ ಕರಾವಳಿಯಲ್ಲಿ ಪ್ರತಿವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ. ಆ ಅರವತ್ತೊಂದು ದಿನ ಕಾಸಿಮೇಡಿನಲ್ಲೂ ತಾಜಾ ಅಂಜಲ್ ಸಿಗುವುದು ಕಷ್ಟ, ರಾಯಪುರಂನ ಸೆಕೆಯೂ ಆಗಲೇ. ಹಾಗಾಗಿ ಈಗ ಅವರಿಬ್ಬರೂ ಏಪ್ರಿಲ್ ನಡುವಿನಲ್ಲಿ ನೀಲಗಿರಿ ಎಕ್ಸ್‌ಪ್ರೆಸ್ ಹತ್ತುತ್ತಾರೆ. ಹಟ್ಟಿಯೊಂದರಲ್ಲಿ ಬಡಗರ ಮನೆಯ ಮೇಲಂತಸ್ತು, ವ್ಯೂ ಇಲ್ಲದ್ದರಿಂದ ಬಾಡಿಗೆಯೂ ಕಡಿಮೆ. ಹಿಂದೆ ಧರೆಯಿಲ್ಲ, ಬಟ್ಟೆ ಒಣಹಾಕಲು ತಗಡಿನ ಮಾಡಿದೆ. ಕಳೆದ ಸಲ ಜೂನ್ 13ರ ರಾತ್ರಿ ಅಕ್ಕನ ಫೋನು. ಅಲ್ಲಿ ತಣ್ಣನೆ ಮಳೆ ಹನಿಯುತ್ತಿತ್ತಂತೆ, ಭಾವ ಇನ್ನೊಂದು ವಾರ ಇರುವ ಅನ್ನುತ್ತಿದ್ದಾರಂತೆ. "ನಾಡಿದ್ದು ಲಾಂಚು ಬಿಡ್ತಾರಲ್ಲ" ಅಂದಳು, "ನಾವು ನಾಳೆ ರೈಲಿಗೆ ಬರ್ತಾ ಇದ್ದೇವೆ, ಮಾರ್ಕೆಟ್ಟಿಗೆ ನನ್ನ ಬಿಟ್ಟು ಹೋಗಬೇಡ."